ಮೂರು ಗಂಟಿ

ಮೂರು ಗಂಟಿಗೆ ಬರ್ರಿ ಅಂದಿದ್ರು ಡಾಕ್ಟರಮ್ಮ.
ತೀನ್ ಕಂದೀಲ್ ಹತ್ರ, ಔಷಧ ಅಂಗಡಿ ಮ್ಯಾಲಿನ ಖೋಲಿ.
ಹಟ್ಟಿಯಿಂದ ಬಸ್ಸಿಗೆ ಬಂದೆ,
ಬಲಗೈ ತೊಡಿ ಮ್ಯಾಲ ಮಲಗಿಸಿಕೊಂಡು
ಬ್ಯಾರೆಯವರ ಕೂಸಿನಂಗ.

ಮನ್ಯಾಗ ದ್ಯಾವಮ್ಮ ಅಂದಿದ್ಲು:
"ಕಣ್ಣು ಮುಚ್ಚಸ್ತಾಳಂತ. ಮಂಕುಬೂದಿ ಎರಚಿದ್ರ
ಪಿಂಚಣಿ ಪುಸ್ತಕ ಎಲ್ಲಿ ಅದ ಅಂತ ಹೇಳಿಬಿಟ್ಟೀರಿ, ಜೋಕಿ."

ಇಪ್ಪತ್ತೊಂಬತ್ತು ವರ್ಷ ಗಣಿಯಾಗ ವೈಂಡರ್ ಓಡಿಸಿದವ ನಾನು.
ಇಳದವನಲ್ಲ, ಇಳಿಸಿದವ.
ಹಗ್ಗದ ಆ ತುದಿಗೆ ಕಬ್ಬಿಣದ ತೊಟ್ಟಿಲು, ಒಳಗ ಹನ್ನೆರಡು ಮಂದಿ;
ಈ ತುದಿಗೆ ನನ್ನ ಬಲಗೈ, ಬ್ರೇಕಿನ ಹಿಡಿ.
ಅವರ ಮುಖ ಕಾಣಂಗಿಲ್ಲ. ಗಂಟಿ ಕೇಳ್ತದ, ಅಷ್ಟ.
ಓಡುವಾಗ ಒಂದು ಹೊಡದ್ರ ನಿಲ್ಲಸು,
ಎರಡು ಹೊಡದ್ರ ಇಳಸು,
ಮೂರು ಹೊಡದ್ರ
ಮನುಷ್ಯಾರು ಹತ್ತ್ಯಾರ, ಹುಷಾರ್.

ಬಂಗಾರ ನಾ ಕಂಡಿಲ್ಲ. ಆಳ ತೋರಸೋ ಮುಳ್ಳು ಕಂಡೀನಿ.
ಡ್ಯೂಟಿ ಮ್ಯಾಲ ಕಣ್ಣು ಮುಚ್ಚಿದವನಲ್ಲ,
ಸೀನು ಬಂದ್ರೂ ನುಂಗಿದವ.
ರಿಟೈರಾಗಿ ನಾಕು ವರ್ಷ:
ಕೈ ಹಿಡಿ ಬಿಟ್ಟದ, ಹಿಡಿ ಕೈ ಬಿಟ್ಟಿಲ್ಲ.
ಕುತ್ತಿಗಿಯಿಂದ ಹೊಂಟು ರಟ್ಟಿ ಹಿಡದು ಬೆರಳ ತುದಿತನಕ
ಬ್ಯಾನಿ, ಬಿಗದ ಹಗ್ಗ.
ಬಳ್ಳಾರಿ ಆತು, ಹೈದರಾಬಾದ್ ಆತು,
ಕೊಳವಿಯೊಳಗ ತೂರಿಸಿ ಫೋಟೊ ತೆಗದ್ರು.
"ಏನೂ ಇಲ್ಲರೀ" ಅಂದ್ರು.
ಏನೂ ಇಲ್ಲದ್ದು
ರಾತ್ರಿ ಎರಡಕ್ಕ ಎಬ್ಬಿಸಿ ಕೂಡಿಸ್ತಿತ್ತು.

ಡಾಕ್ಟರ್ ನುಸ್ರತ್ ಹಂಗನ್ನಲಿಲ್ಲ.
"ಬ್ಯಾನಿ ಖರೇನ ಅದ. ನಿಮ್ಮ ನರಕ್ಕ
ಡ್ಯೂಟಿ ಮುಗದದ್ದು ಯಾರೂ ಹೇಳಿಲ್ಲ."
ಲೋಲಕ ಆಡಿಸಲಿಲ್ಲ, ಊದಿನಕಡ್ಡಿ ಸೈತ ಇಲ್ಲ.
ಒಂದು ಫ್ಯಾನು. ಕೆಳಗ ಆಟೊಗಳ ಹಾರ್ನು.
"ಮೆಟ್ಟಲಾ ಇಳೀಲಿಕ್ಹತ್ತೀರಿ ಅಂತ ತಿಳೀರಿ.
ಹತ್ತು... ಒಂಬತ್ತು..."

ಎಂಟಕ್ಕ ಎದ್ದು ಕುಂತೆ. ಅಂಗಿ ತೊಯ್ದಿತ್ತು.
"ಮ್ಯಾಡಂ, ಎಣಿಸಿ ಇಳಸೋದು ನನ್ನ ಕೆಲಸ.
ಇಳಿಯೋರು ಬ್ಯಾರೆರೀ."

ಆಕಿ ಪೆನ್ನಿನ ಮುಚ್ಚಳ ತಗದ್ರು, ಹಾಕಿದ್ರು.
ಹಿಂದಿನ ವಾರ ಮಾತಿಗೆ ಮಾತು ಬಂದು
ಗಂಟಿ ಲೆಕ್ಕ ಹೇಳಿದ್ದೆ ನಾ. ಮರತಿರಲಿಲ್ಲ.
ಮೇಜಿನ ಮ್ಯಾಲ ಬೆರಳ ಗೆಣ್ಣಿಲೆ
ಟಕ್. ಟಕ್. ಟಕ್.

ಮನುಷ್ಯಾ ಹತ್ತ್ಯಾನ.
ಯಾರು? ನಾನ.
ಜಾಳಗಿ ಬಾಗಲಾ ಎಳಕೊಂಡೆ. ಕಬ್ಬಿಣ ತಣ್ಣಗಿತ್ತು.
"ಮ್ಯಾಲ ಬ್ರೇಕು ಹಿಡದವರು ಯಾರ್ರೀ?"
ಕಣ್ಣು ಮುಚ್ಚಿಕೊಂಡ ಕೇಳಿದೆ.
"ನೀವ. ಇಷ್ಟು ವರ್ಷ ಒಬ್ಬರನ್ನೂ ಬೀಳಗೊಡದವರು.
ನಾ ಬರೇ ಗಂಟಿ ಹೊಡಿಯಾಕಿ."

ಟಕ್. ಟಕ್.

ಇಳದೆ.
ಕಲ್ಲು ಬೆವತು ಹನಿ ಬೀಳೋ ಸಪ್ಪಳ.
ರೊಟ್ಟಿ ಬುಟ್ಟಿಗೆ ಮುಚ್ಚಿದ ಅರಬಿ ಒಳಗಿನಂಥಾ ಬೆಚ್ಚನ್ನ ಕತ್ತಲಿ.
ಅಲ್ಲಿ ಮಂದಿ ಕುಂತಿದ್ರು, ನಾ ಇಳಿಸಿದವರು,
ಟೋಪಿ ದೀಪ ಆರಿಸಿ, ಬುತ್ತಿ ಬಿಚ್ಚಿ.
ಯಾರೂ ನನ್ನ ಗುರ್ತು ಹಿಡೀಲಿಲ್ಲ.
ಹ್ಯಾಂಗ ಹಿಡೀತಾರ? ನನ್ನ ಮುಖ ಅವರೂ ಕಂಡವರಲ್ಲ.
ಒಬ್ಬ ಸರದು ಜಾಗ ಮಾಡಿದ.
ಕುಂತೆ.
ತೊಡಿ ಮ್ಯಾಲಿನ ಕೂಸು
ಬೆರಳು ಒಂದೊಂದಾಗಿ ಬಿಚ್ಚಿತು.

ಬ್ಯಾನಿ ಹೋತೇನು ಅಂತ ಕೇಳ್ತಾರ ಮಂದಿ.
ಇಲ್ಲ. ಬಾಜೂ ಮನಿ ಗಿರಣಿ ಆಗ್ಯದ:
ನಡದದ, ಕೇಳ್ತದ,
ಹಿಟ್ಟು ನನ್ನದಲ್ಲ.

ಈಗ ರಾತ್ರಿ ಎರಡಕ್ಕ ಎಚ್ಚರಾದ್ರ
ಮಂಚದ ಕಟ್ಟಿಗಿಗೆ ನಾನ ಬಡೀತೀನಿ, ಮೂರು.
ಒಮ್ಮೊಮ್ಮೆ ಇಳೀತೀನಿ.
ಒಮ್ಮೊಮ್ಮೆ ಹಗ್ಗ ನಡಕ ಜಗ್ಗಿ ನಿಲ್ತದ.
ದ್ಯಾವಮ್ಮ ನಿದ್ದಿಗಣ್ಣಾಗ ಗೊಣಗ್ತಾಳ:
"ಯಾರೋ ಬಂದಾರ ನೋಡ್ರಿ,
ಬಾಗಲಾ ತಗೀರಿ."